ದಾರದ ಗಂಟಿನಿಂದ ಟ್ಯಾಬ್ಲೆಟ್‌ವರೆಗೆ: ಮುಂಬೈ ಕಡಲಲ್ಲಿ ಅಗ್ಗಕ್ಕೆ ದಾರಿ ಹುಡುಕಿದ ಕತೆ

ಇವತ್ತಿನ ವಿಡಿಯೋದ ಬರಹರೂಪ ಇದು. ಓದೋಕೆ ಅನುಕೂಲವಾಗಲಿ ಅಂತ ಮಾತನ್ನ ಸ್ವಲ್ಪ ತಿದ್ದಿದ್ದೇನೆ, ಅಷ್ಟೇ.

ಪ್ರಶ್ನೆ ಚಿಕ್ಕದು: ದೋಣಿಯಲ್ಲಿ ದಾರಿ ನೋಡೋಕೆ ಕಡಿಮೆ ಬೆಲೆಯ ಟ್ಯಾಬ್ಲೆಟ್ ಯಾವುದು ತಗೋಬೇಕು? ಪೊವಾಯಿ, ಐರೋಲಿ, ಅಂಧೇರಿ ಕಡೆ ಐಟಿ ಕೆಲಸ ಮಾಡೋ ನಮ್ಮವರಿಗೆ ಇದು ಎರಡು ದಾರಿಯಲ್ಲಿ ಬರುತ್ತೆ. ಕೆಲವರು ವಾರಾಂತ್ಯದಲ್ಲಿ ಹಾಯಿದೋಣಿ ಕಲಿಯೋಕೆ ಹೋಗ್ತಾರೆ. ಇನ್ನು ಕೆಲವರ ಮನೆತನವೇ ಮಲ್ಪೆಯದ್ದೋ, ಗಂಗೊಳ್ಳಿಯದ್ದೋ, ತದಡಿಯದ್ದೋ ಆಗಿರುತ್ತೆ. ಬೋಟು ಇರೋ ಮಾವ ಫೋನ್ ಮಾಡಿ, "ನೀನು ಕಂಪ್ಯೂಟರ್ ಓದಿದವ ಮಾರಾಯ, ಯಾವ ಟ್ಯಾಬ್ ಒಳ್ಳೇದು ಹೇಳು" ಅಂತಾರೆ.

ಒಂದು ಮಾಡೆಲ್ ಹೆಸರು ಹೇಳಿ ಮುಗಿಸಬಹುದು. ಆದರೆ ಆರು ತಿಂಗಳಲ್ಲಿ ಆ ಮಾಡೆಲ್ ಅಂಗಡಿಯಲ್ಲೇ ಇರಲ್ಲ. ಪ್ರಶ್ನೆ ಮಾತ್ರ ಶತಮಾನಗಳಿಂದ ಇದ್ದಲ್ಲೇ ಇದೆ: ನಡುಗಡಲಲ್ಲಿ "ನಾನು ಎಲ್ಲಿದ್ದೀನಿ" ಅಂತ ತಿಳಿಯೋಕೆ ಎಷ್ಟು ಖರ್ಚಾಗುತ್ತೆ? ಖರ್ಚು ಇಳಿಸಿದಾಗ ಏನನ್ನ ಬಿಟ್ಟುಕೊಡ್ತೀವಿ? ಇದಕ್ಕೆ ಮುಂಬೈಯ ಕಡಲು ಏನು ಉತ್ತರ ಕೊಟ್ಟಿದೆ ನೋಡೋಣ.

ನಾಲ್ಕು ಬೆರಳಿನ ದೂರ

ಅರಬ್ಬೀ ಸಮುದ್ರದ ಅತ್ಯಂತ ಅಗ್ಗದ ನೌಕಾ ಉಪಕರಣದ ಹೆಸರು ಕಮಾಲ್. ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನ ಹಲ್ಲಿನಲ್ಲಿ ಕಚ್ಚಿಕೊಂಡು ದಾರ ಬಿಗಿಯಾಗುವ ತನಕ ಹಲಗೆಯನ್ನ ಮುಂದೆ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ತಾಗಿದರೆ, ಆ ಗಂಟು ಯಾವ ಬಂದರಿನದೋ ಆ ಬಂದರಿನ ಅಕ್ಷಾಂಶದಲ್ಲಿ ನೀವಿದ್ದೀರಿ. ಅರಬ್ಬರು ಈ ಎತ್ತರವನ್ನ ಬೆರಳಿನ ಲೆಕ್ಕದಲ್ಲಿ ಅಳೀತಿದ್ದರು. ಒಂದು ಬೆರಳು ಅಂದರೆ ಸುಮಾರು 1.6 ಡಿಗ್ರಿ.

ಮಂಗಳೂರು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ, ಮುಂಬೈ 19 ಡಿಗ್ರಿ. ವ್ಯತ್ಯಾಸ 6 ಡಿಗ್ರಿ, ಅಂದರೆ ನಾಲ್ಕು ಬೆರಳಿಗೆ ಸ್ವಲ್ಪ ಕಡಿಮೆ. ನಾವು ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ಕೂತು ದಾಟೋ ದೂರ ಹಳೇ ನಾವಿಕನಿಗೆ ನಾಲ್ಕು ಬೆರಳು! ನಮ್ಮ ಪಶ್ಚಿಮ ಕರಾವಳಿ ಉತ್ತರ-ದಕ್ಷಿಣವಾಗಿ ಹರಡಿರೋದರಿಂದ ಅಕ್ಷಾಂಶ ಒಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಬೇಕಾದ ಅಕ್ಷಾಂಶ ಸಿಗೋ ತನಕ ಹೋಗು, ಆಮೇಲೆ ಪೂರ್ವಕ್ಕೆ ತಿರುಗು, ದಡ ಸಿಗುತ್ತೆ. ದಡ ಹತ್ತಿರ ಬಂದ ಮೇಲೆ ಬೆಟ್ಟಗಳು ದಾರಿ ಹೇಳುತ್ತವೆ. ಕುದುರೆಮುಖಕ್ಕೆ ಆ ಹೆಸರು ಬಂದಿದ್ದೇ ಕುದುರೆಯ ಮುಖದ ಹಾಗೆ ಕಾಣೋ ಆ ಶಿಖರದಿಂದ.

ಕಮಾಲ್ ಯಾಕೆ ಅಗ್ಗ? ಹಲಗೆ ಮತ್ತು ದಾರಕ್ಕೆ ಬೆಲೆ ಇಲ್ಲ ಅಂತ ಮಾತ್ರ ಅಲ್ಲ. ಅದು ನಂಬಿಕೊಂಡಿರೋ ಸಂಕೇತ, ಅಂದರೆ ಧ್ರುವ ನಕ್ಷತ್ರ, ಎಲ್ಲರಿಗೂ ಪುಕ್ಕಟೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತೆ: ಸಂಕೇತ ಸಾರ್ವಜನಿಕವಾದಾಗಲೇ ಉಪಕರಣ ಅಗ್ಗವಾಗೋದು. ಇನ್ನೊಂದು ವಿಷಯ. ಹಲಗೆ ಅಗ್ಗ, ಅದನ್ನ ಓದೋ ಅನುಭವ ಅಗ್ಗ ಅಲ್ಲ. ಕಛ್-ಗುಜರಾತ್ ಕಡೆಯ ಹಡಗುಗಳಲ್ಲಿ ಇದಕ್ಕೇ ಅಂತ ಮಾಲಮ್ ಅನ್ನೋ ದಾರಿ ಬಲ್ಲವನು ಇರ್ತಿದ್ದ. ಅಶೋಕನ ಬ್ರಾಹ್ಮಿ ಲಿಪಿಯನ್ನ ಓದಿದ ಜೇಮ್ಸ್ ಪ್ರಿನ್ಸೆಪ್ 1836ರಲ್ಲಿ ಅರಬ್ ನಾವಿಕರ ಉಪಕರಣಗಳ ಬಗ್ಗೆ ಲೇಖನ ಬರೆದ. ಅಂದರೆ ಬ್ರಿಟಿಷರ ಕಾಲದಲ್ಲೂ ಈ ವಿದ್ಯೆ ಬದುಕಿತ್ತು.

ಕೆಂಡಾಲ್‌ನ ಮೂರು ಗಡಿಯಾರಗಳು

ಅಕ್ಷಾಂಶಕ್ಕೆ ನಕ್ಷತ್ರ ಸಾಕು, ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿ ತಿರುಗ್ತಾ ಇರೋದರಿಂದ, ಮನೆಯ ಸಮಯ ಮತ್ತು ಹಡಗಿನ ಮೇಲಿನ ಸಮಯದ ವ್ಯತ್ಯಾಸವೇ ರೇಖಾಂಶ. ಮುಂಬೈಯ ಅಕ್ಷಾಂಶದಲ್ಲಿ ಗಡಿಯಾರ ಒಂದು ನಿಮಿಷ ತಪ್ಪಿದರೆ ನಕ್ಷೆಯಲ್ಲಿ ನೀವು ಸುಮಾರು 26 ಕಿಲೋಮೀಟರ್ ಆಚೀಚೆ ಆಗ್ತೀರಿ.

ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಕಡಲಲ್ಲೂ ಸರಿಯಾಗಿ ನಡೆಯೋ ಗಡಿಯಾರ ಮಾಡಿ ತೋರಿಸಿದ. 1761ರಲ್ಲಿ ಅವನ ನಾಲ್ಕನೇ ಮಾದರಿಯ ಪರೀಕ್ಷೆ ಕಡಲಲ್ಲಿ ನಡೀತು. ಅದರ ನಕಲನ್ನ ಲಾರ್ಕಮ್ ಕೆಂಡಾಲ್ ಅನ್ನೋ ಕುಶಲಕರ್ಮಿ ಮಾಡಿದ, ಬೆಲೆ 450 ಪೌಂಡ್. ಹಡಗಿಗೊಂದು ಕೊಡೋಕೆ ಇದು ತುಂಬಾ ದುಬಾರಿ. ಆಗ ಕೆಂಡಾಲ್ ಏನು ಮಾಡಿದ ಗೊತ್ತಾ? ಇವತ್ತಿನ ಮೊಬೈಲ್ ಕಂಪನಿಗಳು ಮಾಡೋದನ್ನೇ. ಒಳಗಿನ ಒಂದು ಜಟಿಲ ಭಾಗ ತೆಗೆದುಹಾಕಿ 200 ಪೌಂಡಿಗೆ ಎರಡನೇದು ಮಾಡಿದ, ಇನ್ನೂ ಸರಳ ಮಾಡಿ 100 ಪೌಂಡಿಗೆ ಮೂರನೇದು. ಮೊದಲನೆಯದು ಕ್ಯಾಪ್ಟನ್ ಕುಕ್‌ನ ಎರಡನೇ ಯಾನದಲ್ಲಿ ಹೋಗಿ ಹೆಸರು ಮಾಡಿತು. ಎರಡನೆಯದು ಬೌಂಟಿ ಹಡಗಿನಲ್ಲಿ ಹೋಗಿ, ಬಂಡಾಯಗಾರರ ಕೈಸೇರಿ ಪಿಟ್‌ಕೇರ್ನ್ ದ್ವೀಪ ಸೇರಿತು. ಅಗ್ಗದ ಎರಡೂ ಗಡಿಯಾರ ಮೊದಲನೆಯದರಷ್ಟು ನಿಖರವಾಗಿರಲಿಲ್ಲ.

ಅಗ್ಗ ಮಾಡೋದು ತಪ್ಪಲ್ಲ. ಆದರೆ ಅಗ್ಗ ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ "ಎಷ್ಟು ಕಡಿಮೆ" ಅಂತ ಅಲ್ಲ, "ಏನನ್ನ ತೆಗೆದಿದ್ದಾರೆ" ಅಂತ.

ಕೊಲಾಬಾ: ಗಡಿಯಾರ, ದೀಪ, ಟ್ರಾಮ್

ಹಡಗಿನ ಗಡಿಯಾರ ತಿಂಗಳುಗಟ್ಟಲೆ ಪ್ರಯಾಣದ ನಂತರ ತಪ್ಪಲೇಬೇಕು. ಬಂದರಿಗೆ ಬಂದಾಗ ಸರಿಮಾಡಿಕೊಳ್ಳೋಕೆ ಒಂದು ನಂಬಿಕಸ್ತ ಸಮಯ ಬೇಕು. ಅದಕ್ಕೇ ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕೊಲಾಬಾದಲ್ಲಿ ವೀಕ್ಷಣಾಲಯ ಕಟ್ಟಿಸಿತು. ಉದ್ದೇಶ ಖಗೋಳ ವೀಕ್ಷಣೆ, ಮತ್ತು ಬಂದರಿಗೆ ಬರೋ ಹಡಗುಗಳಿಗೆ ಸಮಯ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅರಬ್ಬೀ ಸಮುದ್ರಕ್ಕೆ ಒಂದು ಟೈಮ್ ಸರ್ವರ್! ಆಮೇಲೆ ದೀಪಸ್ತಂಭಗಳು ಬಂದವು: 1867ರಲ್ಲಿ ಖಾಂದೇರಿ ದ್ವೀಪದಲ್ಲಿ, 1875ರಲ್ಲಿ ಕೊಲಾಬಾದ ದಕ್ಷಿಣ ತುದಿಯ ಬಂಡೆಗಳ ಮೇಲೆ ಪ್ರಾಂಗ್ಸ್. ಕಟ್ಟಿಸಿದ್ದು ದೊಡ್ಡ ಹಡಗುಗಳಿಗೆ. ಆದರೆ ಬೆಳಕಿಗೆ ಬೇಲಿ ಹಾಕೋಕಾಗಲ್ಲ, ಕೋಳಿ ಮೀನುಗಾರನ ಸಣ್ಣ ದೋಣಿಗೂ ಅದೇ ದೀಪ ಕಾಣ್ತಿತ್ತು.

ಕೊಲಾಬಾದಲ್ಲಿ 1841ರಿಂದ ಭೂಮಿಯ ಅಯಸ್ಕಾಂತ ಕ್ಷೇತ್ರದ ಅಳತೆಯೂ ಶುರುವಾಯ್ತು. ಎಲ್ಫಿನ್‌ಸ್ಟನ್ ಕಾಲೇಜಿನ ಪ್ರೊಫೆಸರ್ ಆರ್ಥರ್ ಆರ್ಲೆಬಾರ್ ಅದನ್ನ ಆರಂಭಿಸಿದ. ಅರವತ್ತು ವರ್ಷ ಚೆನ್ನಾಗಿ ನಡೀತು. ಆಮೇಲೆ ಊರಿಗೆ ವಿದ್ಯುತ್ ಟ್ರಾಮ್ ತರೋ ಯೋಜನೆ ಬಂತು. ವಿದ್ಯುತ್ ಹರಿದರೆ ಅಯಸ್ಕಾಂತದ ಸೂಜಿ ಅಲ್ಲಾಡುತ್ತೆ, ದಾಖಲೆಗಳೆಲ್ಲ ಹಾಳು. ಹಾಗಾಗಿ ನಾನಾಭಾಯ್ ಮೂಸ್ ಅವರ ಕಾಲದಲ್ಲಿ, 1904ರಲ್ಲಿ, ಅಯಸ್ಕಾಂತ ವಿಭಾಗವನ್ನ ಕೊಲ್ಲಿಯಾಚೆ ಅಲಿಬಾಗಕ್ಕೆ ಸಾಗಿಸಿದರು. ಟ್ರಾಮ್ ಓಡಿದ್ದು 1907ರಲ್ಲಿ.

ಈ ಕತೆಗೂ ಟ್ಯಾಬ್‌ಗೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇದೆ. ಟ್ಯಾಬ್ಲೆಟ್‌ನ ಸ್ಪೀಕರಿನಲ್ಲಿ, ಕವರಿನಲ್ಲಿ, ಕೆಲವು ಸ್ಟ್ಯಾಂಡ್‌ಗಳಲ್ಲಿ ಅಯಸ್ಕಾಂತ ಇರುತ್ತೆ. ಅದನ್ನ ತಂದು ದೋಣಿಯ ದಿಕ್ಸೂಚಿಯ ಪಕ್ಕ ಇಟ್ಟರೆ ದಿಕ್ಸೂಚಿಯೇ ಸುಳ್ಳು ಹೇಳುತ್ತೆ. ಟ್ರಾಮ್ ಬರುತ್ತೆ ಅಂತ ಒಂದು ಸಂಸ್ಥೆಯನ್ನೇ ಸಮುದ್ರ ದಾಟಿಸಿದವರು ಇದ್ದರು. ನಾವು ಟ್ಯಾಬನ್ನ ಒಂದು ಮೀಟರ್ ಆಚೆ ಇಟ್ಟರೆ ಸಾಕು.

ಆಕಾಶದ ಗಡಿಯಾರಗಳು

1983ರ ಸೆಪ್ಟೆಂಬರ್ 1. ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ಹೋಯಿತು, ಹೊಡೆದುರುಳಿಸಿದರು, 269 ಜನ ಸತ್ತರು. ಇದಾದ ಮೇಲೆ ಅಮೆರಿಕದ ಅಧ್ಯಕ್ಷ ರೇಗನ್, ತಮ್ಮ ಸೇನೆಯ ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ಉಚಿತವಾಗಿ ಸಿಗುತ್ತೆ ಅಂತ ಘೋಷಿಸಿದರು. ಮತ್ತೆ ಅದೇ ಸೂತ್ರ: ಸಂಕೇತ ಸಾರ್ವಜನಿಕ ಆಯ್ತು, ಉಪಕರಣ ಅಗ್ಗವಾಗೋ ದಾರಿ ತೆರೀತು.

ಆದರೆ ನಾಗರಿಕರಿಗೆ ಕೊಟ್ಟ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸಿದ್ದರು. ಗುರುತು 100 ಮೀಟರ್ ತನಕ ಆಚೀಚೆ ಆಗ್ತಿತ್ತು. 2000ದ ಮೇ ಮೊದಲ ವಾರದಲ್ಲಿ ಆ ಕಲಬೆರಕೆ ನಿಲ್ಲಿಸಿದರು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂಬೈಯಲ್ಲೇ ಅಳೆಯಬಹುದು. ಕರಾವಳಿ ರಸ್ತೆ ಕಟ್ಟುವಾಗ ವರ್ಲಿ ಕೋಳಿವಾಡದ ಮೀನುಗಾರರು ಒಂದು ಹೋರಾಟ ಮಾಡಿದರು. ದೋಣಿ ಹಾಯೋ ಜಾಗದಲ್ಲಿ ಕಂಬಗಳ ನಡುವೆ 60 ಮೀಟರ್ ಬಿಡ್ತೀವಿ ಅಂದಾಗ ಅದು ಸಾಲದು, 160 ಬೇಕು ಅಂತ ಕೇಳಿದರು. ಕೊನೆಗೆ 2022ರ ಡಿಸೆಂಬರ್‌ನಲ್ಲಿ 120 ಮೀಟರಿಗೆ ಒಪ್ಪಂದ ಆಯ್ತು. ಈಗ ಯೋಚಿಸಿ: 100 ಮೀಟರ್ ತಪ್ಪೋ ಯಂತ್ರ ನಂಬಿಕೊಂಡು 60 ಮೀಟರ್ ಸಂದಿಯಲ್ಲಿ ಯಾರು ನುಗ್ತಾರೆ? ಇವತ್ತಿನ ಫೋನು ಬಯಲಲ್ಲಿ ಐದು-ಹತ್ತು ಮೀಟರ್ ಒಳಗೇ ತೋರಿಸುತ್ತೆ. ಆದರೂ ಅಲೆ, ಗಾಳಿ, ಸೆಳೆತ ಇರೋ ಕಡೆ ಕಂಬದ ನಡುವೆ ದೋಣಿ ನಡೆಸೋದು ಕಣ್ಣು ಮತ್ತು ಕೈ. ಮೀನುಗಾರರು ಅಗಲ ಕೇಳಿದ್ದು ಅದಕ್ಕೇ.

ನಮ್ಮದೇ ನಾವಿಕ್ ವ್ಯವಸ್ಥೆಯ ಕತೆಯೂ ಗಡಿಯಾರದ್ದೇ. ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಹಾರಿತು. ಹಾಸನದಿಂದ ಉಪಗ್ರಹಗಳ ನಿಯಂತ್ರಣ, ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ನ್ಯಾವಿಗೇಷನ್ ಕೇಂದ್ರ. ಆದರೆ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಕಳಿಸಿದ ಉಪಗ್ರಹ, ರಾಕೆಟ್ಟಿನ ತುದಿಯ ಕವಚ ತೆರೆಯದೆ ಅಲ್ಲೇ ಸಿಕ್ಕಿಕೊಂಡಿತು. 2023ರ ಮೇನಲ್ಲಿ ಹೋದ ಎನ್‌ವಿಎಸ್-01 ಸ್ವದೇಶಿ ಪರಮಾಣು ಗಡಿಯಾರ ಹೊತ್ತೊಯ್ದಿತು. ಸಾಮಾನ್ಯ ಫೋನುಗಳ ಚಿಪ್‌ಗೆ ಅರ್ಥವಾಗೋ ಎಲ್1 ತರಂಗವನ್ನೂ ಸೇರಿಸಿದ್ದರು. 2025ರ ಜನವರಿಯಲ್ಲಿ ಹೋದ ಎರಡನೆಯದು ಉದ್ದೇಶಿತ ಕಕ್ಷೆ ತಲುಪಲಿಲ್ಲ. ಹ್ಯಾರಿಸನ್ ಕಾಲದಲ್ಲಿ ಒಂದು ನಿಮಿಷ ತಪ್ಪಿದರೆ 26 ಕಿಲೋಮೀಟರ್. ಉಪಗ್ರಹದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ 300 ಮೀಟರ್. ರೋಗ ಅದೇ, ಅಳತೆ ಬೇರೆ.

ಹಾಗಾಗಿ ಟ್ಯಾಬ್‌ನ ಡಬ್ಬಿ ಮೇಲೆ ನಾವಿಕ್ ಅಂತ ಬರೆದಿದ್ದರೆ ಸಂತೋಷ. ಆದರೆ ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ ಎಲ್ಲವನ್ನೂ ಕೂಡಿಸಿ ಓದೋ ಚಿಪ್ ಇದೆಯಾ ಅಂತಲೂ ನೋಡಿ.

ಪೊವಾಯಿಯ ಅಗ್ಗದ ಟ್ಯಾಬ್

"ಅಗ್ಗದ ಟ್ಯಾಬ್ಲೆಟ್" ಅನ್ನೋ ಮಾತು ಈ ದೇಶದಲ್ಲಿ ಮನೆಮಾತಾಗಿದ್ದು 2011ರ ಅಕ್ಟೋಬರ್ 5ರಂದು, ಆಕಾಶ್ ಬಿಡುಗಡೆಯಾದಾಗ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ, ಒತ್ತಿದರೆ ಮಾತ್ರ ಕೇಳೋ ರೆಸಿಸ್ಟಿವ್ ಪರದೆ. ವಿದ್ಯಾರ್ಥಿಗಳು ಬೈದುಕೊಂಡರು. ಆಮೇಲೆ ಯೋಜನೆ ನಮ್ಮ ಪೊವಾಯಿಯ ಐಐಟಿಗೆ ಬಂತು. 2012ರ ನವೆಂಬರ್‌ನಲ್ಲಿ ಬಂದ ಆಕಾಶ್-2ರಲ್ಲಿ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ, ಕೆಪಾಸಿಟಿವ್ ಪರದೆ.

ಆಕಾಶ್ ತರಗತಿಗಾಗಿ ಮಾಡಿದ್ದು, ದೋಣಿಗಲ್ಲ. ಆದರೂ ಒಂದು ಪಾಠ ಇದೆ. ತರಗತಿಯಲ್ಲಿ ಬೈಸಿಕೊಂಡ ಒತ್ತುವ ಪರದೆ ಒದ್ದೆ ಕೈಗೆ, ಗ್ಲೌಸ್ ಹಾಕಿದ ಕೈಗೆ ವಾಸಿ. ಎಲ್ಲರೂ ಮೆಚ್ಚೋ ಕೆಪಾಸಿಟಿವ್ ಪರದೆ ಉಪ್ಪುನೀರಿನ ಹನಿ ಬಿದ್ದರೆ ತಾನೇ ತಾನಾಗಿ ನಕ್ಷೆಯನ್ನ ಎಳೆದಾಡುತ್ತೆ. ಒಳ್ಳೇದು-ಕೆಟ್ಟದ್ದು ಅನ್ನೋದು ಎಲ್ಲಿ ಬಳಸ್ತೀರಿ ಅನ್ನೋದರ ಮೇಲಿದೆ. ಲ್ಯಾಮಿಂಗ್ಟನ್ ರೋಡಿನ ಎಸಿ ಅಂಗಡಿಯೊಳಗೆ ಚಂದ ಕಂಡ ಪರದೆ ಮಧ್ಯಾಹ್ನದ ಕಡಲಲ್ಲಿ ಕನ್ನಡಿ ಆಗಿಬಿಡುತ್ತೆ.

ಕೇಳುವ ಯಂತ್ರ, ಹೇಳುವ ಯಂತ್ರ

ಈಗ ಈ ಮಾತಿನ ತಿರುಳಿಗೆ ಬರೋಣ. ಜಿಪಿಎಸ್ ಇರೋ ಟ್ಯಾಬ್ ಬರೀ ರೇಡಿಯೋ ಇದ್ದ ಹಾಗೆ. ಅದು ಕೇಳುತ್ತೆ, ಮಾತಾಡಲ್ಲ. ನೀವು ಎಲ್ಲಿದ್ದೀರಿ ಅಂತ ನಿಮಗೆ ಹೇಳುತ್ತೆ, ದಡದಲ್ಲಿರೋ ಹೆಂಡತಿಗೆ, ಅಣ್ಣನಿಗೆ, ಕರಾವಳಿ ಕಾವಲು ಪಡೆಗೆ ಹೇಳಲ್ಲ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಅನ್ನೋ ಬೋಟು ಹೊರಟಿತು. ಉಡುಪಿ ಮತ್ತು ಉತ್ತರ ಕನ್ನಡದ ಏಳು ಮಂದಿ ಅದರಲ್ಲಿದ್ದರು. 15ರ ರಾತ್ರಿಯ ಹೊತ್ತಿಗೆ ಮಹಾರಾಷ್ಟ್ರದ ಕಡಲಲ್ಲಿ ಸಂಪರ್ಕ ಕಡಿದುಹೋಯಿತು. ವಾರಗಳು ಕಳೆದವು, ತಿಂಗಳುಗಳು ಕಳೆದವು. ಮನೆಯವರು ಬದುಕಿದ್ದಾರೆ ಅಂತ ನಂಬಬೇಕೋ ಬಿಡಬೇಕೋ ಗೊತ್ತಾಗದ ಸ್ಥಿತಿ. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಮಾಲ್ವಣ ತೀರದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಇರೋದನ್ನ ಪತ್ತೆಹಚ್ಚಿತು. ನಾಲ್ಕೂವರೆ ತಿಂಗಳು! ಬೋಟಿನ ಮುಳುಗಡೆಯನ್ನ ಒಂದು ಟ್ಯಾಬ್ ತಡೀತಿತ್ತು ಅಂತ ನಾನು ಹೇಳ್ತಾ ಇಲ್ಲ. ಆದರೆ "ಎಲ್ಲಿ" ಅನ್ನೋ ಒಂದು ಪದಕ್ಕಾಗಿ ಏಳು ಮನೆಗಳು ನಾಲ್ಕೂವರೆ ತಿಂಗಳು ಕಾದವು.

ಹೇಳುವ ಯಂತ್ರಗಳು ಇಲ್ಲವೇ ಅಂದರೆ, ಇವೆ. ಅಪಾಯದಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸಂದೇಶ ಕಳಿಸೋ ಇಸ್ರೋದ ಡ್ಯಾಟ್ 2010ರಿಂದ ಬಳಕೆಯಲ್ಲಿದೆ. ಸಂದೇಶ ತಲುಪಿದೆ ಅಂತ ದೋಣಿಗೇ ತಿರುಗಿ ತಿಳಿಸೋ ಅದರ ಎರಡನೇ ತಲೆಮಾರು 2024ರಲ್ಲಿ ಬಂತು. 2019ರ ಅಕ್ಟೋಬರ್‌ನಲ್ಲಿ ಬಂದ ಜೆಮಿನಿ ಅನ್ನೋ ಸಾಧನ ಹವಾಮಾನದ ಎಚ್ಚರಿಕೆಯನ್ನ, ಮೀನು ಸಿಗೋ ಜಾಗದ ಮಾಹಿತಿಯನ್ನ ಉಪಗ್ರಹದಿಂದ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತೆ. ಆದರೆ ಅದೂ ಕೇಳುವ ಯಂತ್ರವೇ. 2024ರ ಆಗಸ್ಟ್ 30ರಂದು, ಮುಂಬೈಗೆ ಹತ್ತಿರದ ಪಾಲ್ಘರ್‌ನಲ್ಲಿ, ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಹಾಕೋ ರಾಷ್ಟ್ರೀಯ ಯೋಜನೆಗೆ ಚಾಲನೆ ಕೊಟ್ಟರು. ಇದು ಎರಡೂ ಕಡೆ ಮಾತಾಡುತ್ತೆ. ಊರಲ್ಲಿ ಬೋಟು ಇದ್ದರೆ ಮೊದಲು ಇದನ್ನ ವಿಚಾರಿಸಿ, ಟ್ಯಾಬ್ ಆಮೇಲೆ.

ಇಲ್ಲೊಂದು ಎಚ್ಚರಿಕೆ. 2008ರ ನವೆಂಬರ್ 26ರ ದಾಳಿಕೋರರು ಕುಬೇರ ಅನ್ನೋ ಮೀನುಗಾರಿಕಾ ಬೋಟನ್ನ ಅಪಹರಿಸಿ, ಜಿಪಿಎಸ್ ನೋಡಿಕೊಂಡು ಮುಂಬೈಗೆ ಬಂದರು. ಬೋಟಿನಲ್ಲಿ ಉಪಗ್ರಹ ಫೋನೂ ಸಿಕ್ಕಿತು. ಭಾರತದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳೋದು ಅಪರಾಧ. ಅಮೆರಿಕದಿಂದ ಬರೋ ಗೆಳೆಯರ ಕೈಲಿ ಉಪಗ್ರಹ ಮೆಸೆಂಜರ್ ತರಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ. ಅಂಥದ್ದನ್ನ ಬ್ಯಾಗಿನಲ್ಲಿ ತಂದ ಪ್ರವಾಸಿಗಳು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ.

ಹಾಗಾದರೆ ಏನು ತಗೋಬೇಕು?

ಮೊದಲನೇದು, ಒಳಗೆ ನಿಜವಾದ ಜಿಪಿಎಸ್ ಚಿಪ್ ಇರಬೇಕು. ಐಪ್ಯಾಡ್‌ನ ವೈಫೈ ಮಾತ್ರದ ಮಾಡೆಲ್‌ಗಳಲ್ಲಿ ಅದು ಇರಲ್ಲ, ಸಿಮ್ ಹಾಕೋ ಮಾಡೆಲ್‌ಗಳಲ್ಲಿ ಇರುತ್ತೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಒಂದೊಂದು ಥರ, ವಿವರ ಓದಲೇಬೇಕು. ಪರೀಕ್ಷೆ ಸುಲಭ: ನಕ್ಷೆ ಡೌನ್‌ಲೋಡ್ ಮಾಡಿ, ಏರ್‌ಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಇಟ್ಟು ಮರೀನ್ ಡ್ರೈವ್‌ನಲ್ಲಿ ನಡೀರಿ. ಚುಕ್ಕೆ ನಿಮ್ಮ ಜೊತೆ ನಡೆದರೆ ಸರಿ. ಇಂಟರ್ನೆಟ್ ಇಲ್ಲದೆ ಮೊದಲ ಸಲ ಉಪಗ್ರಹ ಹಿಡಿಯೋಕೆ ಕೆಲವು ನಿಮಿಷ ಬೇಕಾಗಬಹುದು, ಗಾಬರಿಯಾಗಬೇಡಿ.

ಎರಡನೇದು ನಕ್ಷೆ. ಗೂಗಲ್ ಮ್ಯಾಪ್‌ನಲ್ಲಿ ಕಡಲು ಅಂದರೆ ಬರೀ ನೀಲಿ, ಆಳ ಇಲ್ಲ, ಬಂಡೆ ಇಲ್ಲ. ಬೇಕಾಗಿರೋದು ನೌಕಾ ನಕ್ಷೆ. ಭಾರತದ ಅಧಿಕೃತ ನಕ್ಷೆಗಳನ್ನ ತಯಾರಿಸೋದು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಸಮೀಕ್ಷಾ ಕಚೇರಿ. ಓಪನ್‌ಸಿಪಿಎನ್ ಥರದ ಮುಕ್ತ ತಂತ್ರಾಂಶ ಇದೆ, ಹಣ ಕೊಟ್ಟು ತಗೊಳ್ಳೋ ಆ್ಯಪ್‌ಗಳೂ ಇವೆ. ಯಾವುದಾದರೂ ಸರಿ, ದಡ ಬಿಡೋ ಮೊದಲೇ ಡೌನ್‌ಲೋಡ್ ಆಗಿರಬೇಕು. ಜೊತೆಗೆ ಉಬ್ಬರ-ಇಳಿತದ ಪಟ್ಟಿ. ಮಂಗಳೂರು ಕಡೆ ಉಬ್ಬರ-ಇಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು. ಮುಂಬೈಯಲ್ಲಿ ದೊಡ್ಡ ಉಬ್ಬರದ ದಿನ ನೀರು 4.5 ಮೀಟರ್ ಮೀರುತ್ತೆ. ಬೆಳಿಗ್ಗೆ ದಾಟಿದ ಜಾಗದಲ್ಲಿ ಮಧ್ಯಾಹ್ನ ತಳ ತಾಗಬಹುದು.

ಮೂರನೇದು, ನಕ್ಷೆ ನೆಲ ತೋರಿಸುತ್ತೆ, ಎದುರು ಬರೋ ಹಡಗನ್ನಲ್ಲ. 2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಬಾಯಲ್ಲೇ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ-3 ಡಿಕ್ಕಿ ಹೊಡೆದವು. ಎಣ್ಣೆ ಸೋರಿತು, ನೂರಾರು ಕಂಟೇನರ್‌ಗಳು ನೀರಿಗೆ ಬಿದ್ದು ತೇಲಿದವು, ಬಂದರಿನ ಸಂಚಾರ ದಿನಗಟ್ಟಲೆ ನಿಂತಿತು. ತೇಲೋ ಕಂಟೇನರ್ ಯಾವ ಆ್ಯಪ್‌ನಲ್ಲೂ ಕಾಣಲ್ಲ. ಕಣ್ಣು ಪರದೆ ಮೇಲೆ ಅಲ್ಲ, ನೀರಿನ ಮೇಲೆ ಇರಬೇಕು.

ಕೊನೇದು ದುಡ್ಡಿನ ಲೆಕ್ಕ. ಇರೋ ಹಣವನ್ನೆಲ್ಲ ಟ್ಯಾಬ್‌ಗೆ ಸುರೀಬೇಡಿ. ಅರ್ಧ ಟ್ಯಾಬ್‌ಗೆ. ಉಳಿದದ್ದರಲ್ಲಿ ನೀರು ಹೋಗದ ಕವರ್, ದೋಣಿಯ 12 ವೋಲ್ಟ್ ಬ್ಯಾಟರಿಯಿಂದ ಚಾರ್ಜ್ ಮಾಡೋ ಫ್ಯೂಸ್ ಇರೋ ಚಾರ್ಜರ್, ಒಂದು ಪವರ್ ಬ್ಯಾಂಕ್, ಒಂದು ಕೈದಿಕ್ಸೂಚಿ, ಒಂದು ಕಾಗದದ ನಕ್ಷೆ. ನೀರು ತಾಳುತ್ತೆ ಅಂತ ಡಬ್ಬಿ ಮೇಲೆ ಇರೋ ಐಪಿ ಅಂಕಿ ಸಿಹಿನೀರಿನ ಪರೀಕ್ಷೆಯದ್ದು, ಉಪ್ಪು ಚಾರ್ಜಿಂಗ್ ತೂತನ್ನ ನಿಧಾನಕ್ಕೆ ತಿನ್ನುತ್ತೆ. ಬಿಸಿಲಿಗೆ ಇಟ್ಟರೆ ಟ್ಯಾಬ್ ಕಾದು ತಾನೇ ಆಫ್ ಆಗುತ್ತೆ, ನೆರಳಲ್ಲಿ ಕಟ್ಟಿ. ಇಷ್ಟೆಲ್ಲ ಮಾಡಿದರೂ ಅದನ್ನ ಎರಡನೇ ಸಾಧನ ಅಂತಲೇ ಲೆಕ್ಕ ಇಡಿ.

ಕಮಾಲ್ ಹಿಡಿದವನ ಕೈಲಿ ಹಲಗೆ ಮುರಿದರೆ ಬೆರಳುಗಳಿದ್ದವು. ಬೆರಳಿಂದಲೂ ನಕ್ಷತ್ರದ ಎತ್ತರ ಅಳೆಯೋದು ಅವನಿಗೆ ಗೊತ್ತಿತ್ತು. ಟ್ಯಾಬ್ ಕೊಳ್ಳೋ ಮೊದಲು ನಮ್ಮನ್ನ ನಾವೇ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದು ಆಫ್ ಆದ ಕ್ಷಣ ನನ್ನ ಬಳಿ ಏನು ಉಳಿದಿರುತ್ತೆ, ಮತ್ತು ನಾನು ಎಲ್ಲಿದ್ದೀನಿ ಅಂತ ದಡದಲ್ಲಿ ಯಾರಿಗೆ ಗೊತ್ತಿರುತ್ತೆ? ಎರಡಕ್ಕೂ ಉತ್ತರ ಇದ್ದರೆ ಯಾವ ಅಗ್ಗದ ಟ್ಯಾಬ್ ಆದರೂ ನಡೆಯುತ್ತೆ.

ನಿಮ್ಮ ಮನೆಯಲ್ಲಿ ಬೋಟಿಗೆ ಹೋದ ಹಿರಿಯರಿದ್ದರೆ, ಯಾವ ಬೆಟ್ಟ ನೋಡಿ ಯಾವ ಬಂದರು ಗುರುತಿಸ್ತಿದ್ರು ಅಂತ ಕೇಳಿ ಬರೆದು ಕಳಿಸಿ. ಆ ನಕ್ಷೆ ಯಾವ ಆ್ಯಪ್‌ನಲ್ಲೂ ಇಲ್ಲ.